ಮಾಟುಂಗಾದ ಮೂಳೆ ಕ್ಲಿನಿಕ್: ಪ್ಲಾಸ್ಟರ್ ಬಿಚ್ಚಿದ ಮೇಲೂ ವಿಚಾರಿಸುವವರು

ನೋಡೋಕೆ ಈ ಕ್ಲಿನಿಕ್‌ನಲ್ಲಿ ಏನೂ ಇಲ್ಲ. ಮುಂಬೈನ ಮಾಟುಂಗಾ ಪೂರ್ವದಲ್ಲಿ ಹಳೇ ಕಟ್ಟಡದ ಗ್ರೌಂಡ್ ಫ್ಲೋರ್, ಒಂದಷ್ಟು ಕುರ್ಚಿ, ಗರಗರ ಅನ್ನುವ ಫ್ಯಾನು. ಆದರೂ ಮುಲುಂಡಿನಿಂದ ಅತ್ತೆಯನ್ನು ಲೋಕಲ್ ಹತ್ತಿಸಿಕೊಂಡು ಇಲ್ಲಿಗೇ ಬರುತ್ತೇನೆ.

ಅತ್ತೆಗೆ ಎಪ್ಪತ್ತು ದಾಟಿದೆ. ಅಡುಗೆಮನೆಯಲ್ಲಿ ನಿಂತಲ್ಲೇ ಜಾರಿ ಬಿದ್ದರು, ಮಣಿಕಟ್ಟು ಮುರಿಯಿತು. ಮನೆ ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ, ಪ್ಲಾಸ್ಟರ್, ಕ್ಯಾಲ್ಸಿಯಂ ಮಾತ್ರೆ, ಅಲ್ಲಿಗೆ ಮುಗಿಯಿತು. ಅಷ್ಟು ಸಣ್ಣ ಪೆಟ್ಟಿಗೆ ಮೂಳೆ ಯಾಕೆ ಮುರಿಯಿತು ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ.

ಇಲ್ಲಿನ ಡಾಕ್ಟರ್ ಶುರು ಮಾಡಿದ್ದೇ ಅಲ್ಲಿಂದ. ಮುಟ್ಟು ಯಾವಾಗ ನಿಂತಿತು? ಉಬ್ಬಸಕ್ಕೆ ಸ್ಟೆರಾಯ್ಡ್ ಮಾತ್ರೆ ತಗೊಂಡಿದ್ದಿರಾ? ನಿಮ್ಮ ಅಮ್ಮನಿಗೆ ಸೊಂಟ ಮುರಿದಿತ್ತಾ? ಗೋಡೆಗೆ ನಿಲ್ಲಿಸಿ ಎತ್ತರವನ್ನೂ ಅಳೆದರು. ಎತ್ತರ ಕುಗ್ಗಿದ್ದರೆ ಬೆನ್ನುಮೂಳೆ ಗೊತ್ತಾಗದ ಹಾಗೆ ಕುಸಿದಿರಬಹುದಂತೆ. ಆಮೇಲೆ ಸೊಂಟ, ಬೆನ್ನಿನ ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ. ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕಿಯೇ ಟಿ-ಸ್ಕೋರ್; ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಅತ್ತೆಯದು ಮೈನಸ್ 2.9. ನಮ್ಮ ಸೊಸೈಟಿ ಕ್ಯಾಂಪಿನಲ್ಲಿ ಹಿಮ್ಮಡಿ ಇಟ್ಟು ನೋಡುವ ಮಿಷನ್ 'ನಾರ್ಮಲ್' ಅಂದಿತ್ತು. ಆ ಚೀಟಿ ತೋರಿಸಿದೆ. ಅದನ್ನು ನಂಬಿ ಕೂರೋಕೆ ಆಗಲ್ಲ ಅಂದರು.

ರಕ್ತ ಪರೀಕ್ಷೆ ಮಾಡಿಸಿ, ಹಲ್ಲಿನ ಕೆಲಸ ಬಾಕಿ ಇದೆಯಾ ಅಂತ ಕೇಳಿ, ಮೂಳೆ ಸವೆಯುವುದನ್ನು ತಡೆಯುವ ಮಾತ್ರೆ, ವಾರಕ್ಕೊಂದು ಅಲೆಂಡ್ರೊನೇಟ್ 70 ಮಿ.ಗ್ರಾಂ., ಬರೆದರು. ಬೆಳಗ್ಗೆ ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಮಲಗುವ ಹಾಗಿಲ್ಲ, ಏನೂ ತಿನ್ನುವ ಹಾಗಿಲ್ಲ. "ಕಾಫಿನೂ ಇಲ್ವಾ?" ಅತ್ತೆಯ ಮುಖ ನೋಡಬೇಕಿತ್ತು! ಸಿಸ್ಟರ್ ಪಕ್ಕದಲ್ಲಿ ಕೂತು ಕಾರಣ ಹೇಳಿದರು. ಮಾತ್ರೆ ಅನ್ನನಾಳದಲ್ಲಿ ನಿಂತರೆ ಹುಣ್ಣಾಗುತ್ತದೆ, ಕಾಫಿ ಜೊತೆ ನುಂಗಿದರೆ ಮೈಗೆ ಹತ್ತುವುದೇ ಕಮ್ಮಿ. ಎಲ್ಲವನ್ನೂ ಅತ್ತೆಯ ಬಾಯಲ್ಲೇ ಮತ್ತೆ ಹೇಳಿಸಿದರು. ಹೇಗೂ ಉಪವಾಸ ಅಂತ ಅತ್ತೆ ಗುರುವಾರವನ್ನು ಆರಿಸಿಕೊಂಡರು.

ನನಗೆ ಹಿಡಿಸಿದ್ದು ಆಮೇಲಿನದು. ಸಿಸ್ಟರ್ ತಾವಾಗಿಯೇ ಫೋನ್ ಮಾಡುತ್ತಾರೆ: "ಆಜಿ, ಗೋಳಿ ಘೇತ್ಲಿ ಕಾ?" (ಅಜ್ಜಿ, ಮಾತ್ರೆ ತಗೊಂಡ್ರಾ?) ನಾನು ಕೇಳಿದರೆ ರೇಗುವ ಅತ್ತೆ ಅವರಿಗೆ ಮಾತ್ರ ಚೆನ್ನಾಗಿ ಲೆಕ್ಕ ಒಪ್ಪಿಸುತ್ತಾರೆ. ಅವರ ಟೇಬಲ್ ಮೇಲೆ ಉದ್ದ ರಿಜಿಸ್ಟರ್ ಇದೆ. ಇದೇ ಕಾಯಿಲೆಗೆ ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್ ತಗೊಳ್ಳುವವರ ತಾರೀಕು ಕೆಂಪು ಶಾಯಿಯಲ್ಲಿ. "ಊರಿಗೆ ಹೋಗಿ ಬಂದು ತಗೋತೀನಿ" ಅಂದ ಹಿರಿಯರೊಬ್ಬರಿಗೆ ನಮ್ಮೆದುರೇ ಬೈದರು. ಆ ಇಂಜೆಕ್ಷನ್ ತಪ್ಪಿದರೆ ಮೂಳೆ ಮತ್ತೆ ಬೇಗ ಸವೆದು ಬೆನ್ನೆಲುಬು ಮುರಿಯುವ ಭಯ ಇದೆ. ಹೌದು, ಗಂಡಸರಿಗೂ ಬರುತ್ತೆ ಈ ಕಾಯಿಲೆ.

ದೂರುಗಳೂ ಇವೆ. ಅಪಾಯಿಂಟ್‌ಮೆಂಟ್ ಇದ್ದರೂ ಕಾಯಿಸುತ್ತಾರೆ, ಸಂಜೆಯಂತೂ ಜಾಸ್ತಿ. ಡೆಕ್ಸಾ ಇಲ್ಲಿಲ್ಲ, ಬೇರೆ ಕಡೆ ಹೋಗಬೇಕು. ಮನೆಯಲ್ಲಿ ಕಾಲೊರಸು ತೆಗೆಯಿರಿ, ಬಚ್ಚಲಿಗೆ ಹಿಡಿಕೆ ಹಾಕಿಸಿ ಅಂತ ನಮಗೆ ಉಪದೇಶ ಮಾಡುವವರ ಬಾಗಿಲಲ್ಲೇ ಎರಡು ಎತ್ತರದ ಮೆಟ್ಟಿಲು, ಹಿಡಿಯೋಕೆ ಒಂದು ಸರಳೂ ಇಲ್ಲ! ಕೌಂಟರಿನಲ್ಲಿ ಹೇಳಿದೆ, ತಲೆ ಆಡಿಸಿದರು.

ಹೋಗುವವರು ಬೆಳಗ್ಗೆ ಹೋಗಿ. ಹಳೇ ಎಕ್ಸ್‌ರೇ ಮತ್ತು ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಇಟ್ಟುಕೊಳ್ಳಿ, ಕೇಳೇ ಕೇಳುತ್ತಾರೆ.