ಪೈ ಝೀರೋಗೆ ‘ಸಿದ್ಧ ಟೂಲ್‌ಚೈನ್’ ಕೊಳ್ಳುವ ಮುನ್ನ ಇದನ್ನು ಓದಿ

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನ್ನನ್ನು ಮರುಳು ಮಾಡಿದ ಜಾಹೀರಾತು ಇಂದಿಗೂ ಹಾಗೆಯೇ ಇದೆ.

ರಾಸ್ಪ್‌ಬೆರಿ ಪೈ ಝೀರೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗಾಗಿ ಸಿ++ನಲ್ಲಿ ಒಂದು ಪ್ರೋಗ್ರಾಂ ಬರೆಯುತ್ತಿದ್ದೆ. 512 ಎಂಬಿ ಮೆಮೊರಿಯ ಆ ಬೋರ್ಡಿನಲ್ಲೇ ಕಂಪೈಲ್ ಮಾಡಿದರೆ (ಬರೆದ ಕೋಡನ್ನು ಪ್ರೊಸೆಸರಿನ ಭಾಷೆಗೆ ತಿರುಗಿಸಿದರೆ) ಎಷ್ಟು ಹೊತ್ತು ಕಾಯಬೇಕೆಂಬುದು ಮಾಡಿ ನೋಡಿದವರಿಗೆ ಗೊತ್ತು. ಲ್ಯಾಪ್‌ಟಾಪಿನಲ್ಲಿ ಬೋರ್ಡಿಗಾಗಿ ಕಂಪೈಲ್ ಮಾಡುವ ‘ಕ್ರಾಸ್ ಕಂಪೈಲ್’ ವ್ಯವಸ್ಥೆಯನ್ನು ನಾನೇ ಮಾಡಿಕೊಳ್ಳುವ ತಾಳ್ಮೆಯಿಲ್ಲದೆ, “ಎಲ್ಲ ಪೈ ಬೋರ್ಡುಗಳಿಗೂ ವಿಶೇಷವಾಗಿ ಕಟ್ಟಿದ ಟೂಲ್‌ಚೈನ್, ಸಿಸ್‌ರೂಟ್ ಸಮೇತ” ಎಂದು ವರ್ಚುವಲ್ ಮೆಷೀನ್ ಇಮೇಜ್ (ಲ್ಯಾಪ್‌ಟಾಪಿನೊಳಗೇ ಓಡಿಸಬಹುದಾದ ಸಿದ್ಧ ಕಂಪ್ಯೂಟರಿನ ಫೈಲ್) ಮಾರುತ್ತಿದ್ದವರೊಬ್ಬರಿಗೆ ಹಣ ಕೊಟ್ಟೆ. ಟೂಲ್‌ಚೈನ್ ಎಂದರೆ ಕಂಪೈಲರ್ ಮತ್ತು ಅದರ ಜೊತೆಗಾರ ಸಲಕರಣೆಗಳ ಕಟ್ಟು; ಸಿಸ್‌ರೂಟ್ ಎಂದರೆ ಬೋರ್ಡಿನ ಲೈಬ್ರರಿ, ಹೆಡರ್ ಫೈಲುಗಳ ಪ್ರತಿ. ಝೀರೋಗೂ ಆಗುತ್ತದೆಯೇ ಎಂದು ಮೊದಲೇ ಕೇಳಿದ್ದೆ. “ಎಲ್ಲದಕ್ಕೂ ಅಂದರೆ ಎಲ್ಲದಕ್ಕೂ ಸರ್” ಎಂಬ ಉತ್ತರ ಬಂದಿತ್ತು.

ಕಂಪೈಲ್ ಒಂದೂ ತಕರಾರಿಲ್ಲದೆ ಮುಗಿಯಿತು. ಬೋರ್ಡಿಗೆ ಹಾಕಿ ಓಡಿಸಿದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’, ಅಂದರೆ ಪ್ರೊಸೆಸರಿಗೆ ಅರ್ಥವಾಗದ ಆದೇಶ. ನಾಲ್ಕು ಸಾಲಿನ ಹಲೋ ವರ್ಲ್ಡ್‌ಗೂ ಅದೇ ಗತಿ.

ಕೇಳಿದ್ದಕ್ಕೆ, “ನಿಮ್ಮ ಎಸ್‌ಡಿ ಕಾರ್ಡ್ ಕೆಟ್ಟಿರಬೇಕು” ಎಂದರು. ಬದಲಿಸಿದೆ. “ಪವರ್ ಸಪ್ಲೈ ಸಾಲುತ್ತಿಲ್ಲ” ಎಂದರು. ಅದನ್ನೂ ಬದಲಿಸಿದೆ. “ಹಾಗಾದರೆ ಬೋರ್ಡೇ ಹೋಗಿದೆ” ಎಂದರು. ಅದನ್ನೂ ನಂಬಿದೆ! ಇನ್ನೊಂದು ಝೀರೋ ಕೊಂಡು ತಂದೆ, ಮತ್ತೆ ಅದೇ ಇಲ್ಲೀಗಲ್ ಇನ್‌ಸ್ಟ್ರಕ್ಷನ್. ಆಮೇಲೆ, ಆರ್ಮ್ ವಿ6 (ಝೀರೋದ ಪ್ರೊಸೆಸರಿನ ಪೀಳಿಗೆ) ಎಂದು ಕಂಪೈಲರಿಗೆ ಫ್ಲ್ಯಾಗ್, ಅಂದರೆ ಸೂಚನೆ, ಕೊಡಿ ಎಂದರು. ಕೊಟ್ಟರೆ ಥಂಬ್-1ರಲ್ಲಿ (ಆರ್ಮ್‌ನ ಚಿಕ್ಕ ಆದೇಶಗಳ ಗುಂಪು) ಹಾರ್ಡ್ ಫ್ಲೋಟ್ (ದಶಮಾಂಶ ಲೆಕ್ಕಕ್ಕೆ ಹಾರ್ಡ್‌ವೇರನ್ನೇ ಬಳಸುವುದು) ಆಗದೆಂದು ಕಂಪೈಲರೇ ನಿರಾಕರಿಸಿತು. ಥಂಬ್ ಬಿಟ್ಟು ಆರ್ಮ್ ಮೋಡಿನಲ್ಲಿ ಮಾಡಿ ಎಂದರು. ಕಂಪೈಲ್ ಆಯಿತು, ಓಡಲಿಲ್ಲ.

ಆ ರಾತ್ರಿ, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ಕಂಪೈಲ್ ಆದ ಫೈಲಿನ ಮೇಲೆ, ಅದು ಯಾವ ಪ್ರೊಸೆಸರಿಗೆಂದು ತೋರಿಸುವ ‘ರೀಡ್‌ಎಲ್ಫ್’ ಓಡಿಸಿದೆ. ಸಿಪಿಯು ಆರ್ಕಿಟೆಕ್ಚರ್ ಎಂಬ ಸಾಲಿನಲ್ಲಿ, ಅಷ್ಟೆಲ್ಲ ಫ್ಲ್ಯಾಗ್ ಕೊಟ್ಟ ಮೇಲೂ, ವಿ6ರ ನಂತರದ ಪೀಳಿಗೆಯಾದ ವಿ7 ಎಂದೇ ಇತ್ತು. ಅನುಮಾನ ಬಂದು ಆ ಇಮೇಜಿನ ಶೆಲ್ ಹಿಸ್ಟರಿ (ಹಿಂದೆ ಟೈಪ್ ಮಾಡಿದ ಆಜ್ಞೆಗಳ ಪಟ್ಟಿ) ತೆರೆದೆ. ‘ವಿಶೇಷವಾಗಿ ಕಟ್ಟಿದ’ ಟೂಲ್‌ಚೈನ್ ಒಂದೇ ಸಾಲಿನಲ್ಲಿ ಮುಗಿದಿತ್ತು: ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದಾದ ಆರ್ಮ್‌ಎಚ್‌ಎಫ್ (ಹಾರ್ಡ್ ಫ್ಲೋಟ್ ಇರುವ ಆರ್ಮ್) ಜಿಸಿಸಿ ಕಂಪೈಲರ್ ಪ್ಯಾಕೇಜಿನ ಆಪ್ಟ್ ಇನ್‌ಸ್ಟಾಲ್ ಆಜ್ಞೆ. ಸಿಸ್‌ರೂಟ್ ಎಂಬ ಫೋಲ್ಡರು ಅದೇ ಪ್ಯಾಕೇಜಿನ ಜಾಗಕ್ಕೆ ಹಾಕಿದ ಸಿಂಬಾಲಿಕ್ ಲಿಂಕ್, ಬರೀ ದಾರಿ ತೋರುವ ಗುರುತು. ಒಂದು ಸಾಲು! ಅದಕ್ಕೆ ನಾನು ಹಣ ಕೊಟ್ಟಿದ್ದೆ, ಕೆಡದ ಬೋರ್ಡನ್ನು ಮೂಲೆಗೆ ಹಾಕಿದ್ದೆ. ಪರದೆಯ ಮುಂದೆ ಎಷ್ಟು ಹೊತ್ತು ಸುಮ್ಮನೆ ಕೂತಿದ್ದೆನೋ ಗೊತ್ತಿಲ್ಲ.

ಆ ಪ್ಯಾಕೇಜಿನ ತಪ್ಪೇನೂ ಇಲ್ಲ. ಡೆಬಿಯನ್ ಎಂಬ ಲಿನಕ್ಸ್‌ನ ಆರ್ಮ್‌ಎಚ್‌ಎಫ್ ಕನಿಷ್ಠ ವಿ7 ಪ್ರೊಸೆಸರ್ ಇದೆಯೆಂದೇ ಭಾವಿಸುತ್ತದೆ. ಝೀರೋದಲ್ಲಿರುವ ಬಿಸಿಎಂ2835 ಚಿಪ್ಪಿನ ಆರ್ಮ್ 1176 ಪ್ರೊಸೆಸರ್ ವಿ6ಕ್ಕೆ ಸೇರಿದ್ದು. ಪೈಯ 32 ಬಿಟ್ ಓಎಸ್ ವಿ6ಕ್ಕೆಂದೇ ಮತ್ತೆ ಕಂಪೈಲ್ ಆಗಿದ್ದರೂ ತನ್ನನ್ನು ಆರ್ಮ್‌ಎಚ್‌ಎಫ್ ಎಂದೇ ಕರೆದುಕೊಳ್ಳುವುದರಿಂದ ಎರಡೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ಫ್ಲ್ಯಾಗ್ ನಮ್ಮ ಕೋಡನ್ನು ಮಾತ್ರ ಬದಲಿಸುತ್ತದೆ. ಕೊನೆಯಲ್ಲಿ ಎಲ್ಲವನ್ನೂ ಜೋಡಿಸಿ ಲಿಂಕ್ ಮಾಡುವಾಗ ಸೇರುವ, ಪ್ರೋಗ್ರಾಮನ್ನು ಶುರುಮಾಡುವ ಸ್ಟಾರ್ಟಪ್ ಫೈಲುಗಳು ಮೊದಲೇ ವಿ7ಕ್ಕೆ ಕಂಪೈಲ್ ಆಗಿರುತ್ತವೆ. ಮಾರುವವರಿಗೆ ಇಷ್ಟು ಗೊತ್ತಿರಲಿಲ್ಲವೇ? ಗೊತ್ತಿದ್ದೇ ನನ್ನಿಂದ ಕಾರ್ಡು, ಸಪ್ಲೈ, ಬೋರ್ಡು ಬದಲಿಸಿದರೇ? ಯಾವುದು ಹೆಚ್ಚು ಕೆಟ್ಟದ್ದೆಂದು ನನಗಿನ್ನೂ ತೀರ್ಮಾನಿಸಲಾಗಿಲ್ಲ.

ಯಾರಾದರೂ ಇಂಥದ್ದನ್ನು ಮಾರಲು ಬಂದರೆ, ಅದರಲ್ಲಿ ಕಂಪೈಲ್ ಮಾಡಿದ ಒಂದು ಹಲೋ ವರ್ಲ್ಡ್ ಫೈಲನ್ನು ಮೊದಲು ಕೇಳಿ ಪಡೆಯಿರಿ, ರೀಡ್‌ಎಲ್ಫ್‌ನಲ್ಲಿ ನೋಡಿ, ನಿಮ್ಮ ಬೋರ್ಡಿನಲ್ಲೇ ಓಡಿಸಿ, ಆಮೇಲೆ ಹಣದ ಮಾತಾಡಿ. ಕೊಡಲು ಹಿಂಜರಿದರೆ ಅಲ್ಲಿಗೇ ಬಿಟ್ಟುಬಿಡಿ.

ಹಿಸ್ಟರಿಯ ಆ ಸಾಲನ್ನು ಅವರಿಗೆ ಕಳುಹಿಸಿ ಹಣ ವಾಪಸ್ ಕೇಳಿದೆ. “ಝೀರೋ 2 ಡಬ್ಲ್ಯೂ ತೆಗೆದುಕೊಳ್ಳಿ ಸರ್, ಇದೇ ಇಮೇಜ್ ಚೆನ್ನಾಗಿ ಓಡುತ್ತದೆ” ಎಂಬುದು ಅವರಿಂದ ಬಂದ ಕೊನೆಯ ಉತ್ತರ. ಆ ಬೋರ್ಡಿನಲ್ಲಿರುವ ಕಾರ್ಟೆಕ್ಸ್-ಎ53 ಪ್ರೊಸೆಸರಿಗೆ ವಿ7 ಕೋಡ್ ಅರ್ಥವಾಗುವುದು ನಿಜವೇ, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಕ್ರಾಸ್‌ಟೂಲ್-ಎನ್‌ಜಿ ಬಳಸಿ ವಿ6ರ ಟೂಲ್‌ಚೈನನ್ನು ಈಗ ನಾನೇ ಕಟ್ಟಿಕೊಂಡಿದ್ದೇನೆ. ಮೇಜಿನ ಮೇಲೆ ಎರಡು ಝೀರೋಗಳಿವೆ, ಎರಡೂ ಚೆನ್ನಾಗಿಯೇ ಇವೆ.