ಪೈಥಾನ್ ಹಾಕಿಕೊಡ್ತಾರೆ, ಪಾತ್ ನೀವೇ ನೋಡ್ಕೊಳ್ಳಿ

ತುಮಕೂರು ಬಿ.ಎಚ್. ರಸ್ತೆಯ ಈ ಲ್ಯಾಪ್‌ಟಾಪ್ ಅಂಗಡಿಯಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ಪ್ರೋಗ್ರಾಂ ಬರೆಯಲು ಬೇಕಾದ ಪೈಥಾನ್, ಜಾವಾ ಎರಡನ್ನೂ 300 ರೂಪಾಯಿಗೆ ಹಾಕಿಕೊಡುತ್ತಾರೆ. ಕೆಲಸ ಚುರುಕು, ಅರ್ಧ ಗಂಟೆ ಸಾಕು. ಎಡವುವುದು ಪಾತ್ (ಕಮಾಂಡ್ ಹೊಡೆದಾಗ ಪ್ರೋಗ್ರಾಂಗಾಗಿ ವಿಂಡೋಸ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ವಿಷಯದಲ್ಲಿ.

ಪೈಥಾನ್ ಇನ್‌ಸ್ಟಾಲರ್‌ನ ಮೊದಲ ಪರದೆಯ ಕೆಳಗೆ ಪಾತ್‌ಗೆ ಸೇರಿಸುವ ಚೌಕ ಇರುತ್ತದೆ. ಅದು ತಾನಾಗಿ ಟಿಕ್ ಆಗಿರುವುದಿಲ್ಲ. ಇವರು ಅದನ್ನು ಹಾಗೇ ಬಿಡುತ್ತಾರೆ. ಮನೆಗೆ ಬಂದು ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪೈಥಾನ್' ಅಂತ ಹೊಡೆದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ! ಸೆಟ್ಟಿಂಗ್ಸ್‌ನ ಆಪ್ ಎಕ್ಸಿಕ್ಯೂಷನ್ ಅಲಿಯಾಸ್‌ನಲ್ಲಿ ಪೈಥಾನ್ ಹೆಸರಿನ ಸ್ವಿಚ್ ಆಫ್ ಮಾಡಿದರೆ ಆ ಕಾಟ ತಪ್ಪುತ್ತದೆ, ಆದರೆ ಪಾತ್ ಸೇರಿಸುವ ಕೆಲಸ ಬಾಕಿಯೇ.

ವಾಪಸ್ ಒಯ್ದರೆ ಪಾತನ್ನು ಹೊಸದಾಗಿ ಬರೆಯುವ 'ಸೆಟ್‌ಎಕ್ಸ್' ಕಮಾಂಡ್ ಹೊಡೆದು ಸರಿಮಾಡುತ್ತಾರೆ. ದೊಡ್ಡ ತಪ್ಪು ಇದೇ. ಅದು 1024 ಅಕ್ಷರ ಮೀರಿದ್ದನ್ನು ಕತ್ತರಿಸಿ ಹಾಕುತ್ತದೆ, ಬಾಲದಲ್ಲಿದ್ದ ಫೋಲ್ಡರ್‌ಗಳು ಮಾಯ. ಮೊನ್ನೆ ಓಡುತ್ತಿದ್ದ ಗಿಟ್ (ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಸಾಧನ) ಇವತ್ತು ಸಿಗದಿರುವುದು ಹೀಗೆಯೇ. ವಿಂಡೋಸ್‌ನಲ್ಲಿ ಪಾತ್ ತಿದ್ದುವ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಕಿಟಕಿ ತೆಗೆಸಿ, ಒಂದೊಂದೇ ಸಾಲಾಗಿ ಸೇರಿಸಿಕೊಳ್ಳಿ. ಜಾವಾ ಎಲ್ಲಿದೆ ಎಂದು ಹೇಳುವ 'ಜಾವಾ ಹೋಮ್'ಗೆ ಜೆಡಿಕೆ (ಜಾವಾ ಕಿಟ್) ಫೋಲ್ಡರ್ ಮಾತ್ರ, ಅದರೊಳಗಿನ 'ಬಿನ್' ಫೋಲ್ಡರ್ ಸೇರಬೇಕಾದ್ದು ಪಾತ್‌ಗೆ. ಇಲ್ಲಿ ಎರಡಕ್ಕೂ ಬಿನ್ ಕೊಟ್ಟಿದ್ದರು, ಜಾವಾ ಪ್ರಾಜೆಕ್ಟ್ ಕಟ್ಟುವ ಮೇವೆನ್ ತಕರಾರು ತೆಗೆಯಿತು.

ದುಡ್ಡು ಕೊಡುವ ಮುಂಚೆ ಹೊಸ ಪ್ರಾಂಪ್ಟ್ ತೆಗೆಸಿ (ಮೊದಲೇ ತೆರೆದಿದ್ದದ್ದು ಹಳೆ ಪಾತನ್ನೇ ಹಿಡಿದು ಕೂತಿರುತ್ತದೆ), ಪೈಥಾನ್ ಎಲ್ಲಿ ಸಿಗುತ್ತಿದೆ ಎಂದು ತೋರಿಸುವ 'ವೇರ್ ಪೈಥಾನ್' ಹೊಡೆಸಿ. ಮೊದಲ ಸಾಲಲ್ಲೇ ವಿಂಡೋಸ್‌ಆಪ್ಸ್ ಫೋಲ್ಡರ್ ಬಂದರೆ ಇನ್ನೂ ಸ್ಟೋರ್‌ನದ್ದೇ ಮುಂದಿದೆ ಎಂದರ್ಥ. ಎಸ್‌ಎಸ್‌ಡಿ, ರ‍್ಯಾಮ್ ಬದಲಿಸಲು ಧಾರಾಳವಾಗಿ ಹೋಗಬಹುದು. ಐದಕ್ಕೆ ಮೂರು.