ಕಿವಿಯ ಗುಂಯ್ ಶಬ್ದಕ್ಕೆ ನಾನು ಮಾಡಿ ನೋಡಿದ ಎರಡು ದಾರಿ

ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಒಂದೇ ಸಮನೆ ಶಬ್ದ. ಹಗಲು ಹೇಗೋ ಕಳೆಯುತ್ತಿತ್ತು, ದೀಪ ಆರಿಸಿದರೆ ಸಾಕು, ಶುರು. ಪರೀಕ್ಷೆ ಮಾಡಿಸಿದಾಗ 4000 ಹರ್ಟ್ಜ್ ಹತ್ತಿರದ, ಅಂದರೆ ಕೀರಲು ಶಬ್ದಗಳು ಕೇಳಿಸುವುದು ಸ್ವಲ್ಪ ಕಡಿಮೆಯಾಗಿದೆ ಎಂದು ಗೊತ್ತಾಯಿತು. ಇದು ಟಿನಿಟಸ್, ಅಂದರೆ ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲಿ ಶಬ್ದ ಕೇಳಿಸುವುದು, ಮಾತ್ರೆಯಿಂದ ಹೋಗುವಂಥದ್ದಲ್ಲ ಎಂದರು.

ಮೊದಲು ನಾನೇ ಮಾಡಿಕೊಂಡದ್ದು ಶಬ್ದದಿಂದ ಶಬ್ದವನ್ನು ಮುಚ್ಚುವುದು. ಇಯರ್‌ಫೋನ್ ಹಾಕಿ, ಗುಂಯ್ ಅನ್ನುವುದು ಪೂರ್ತಿ ಮುಳುಗುವವರೆಗೆ ವೈಟ್ ನಾಯ್ಸ್ (ಒಂದೇ ಸಮನೆ ಬರುವ ಸುಯ್ ಎನ್ನುವ ಸದ್ದು) ಜೋರು ಮಾಡುತ್ತಿದ್ದೆ. ಆ ಕ್ಷಣಕ್ಕೆ ಸ್ವರ್ಗ. ಆದರೆ ತೆಗೆದ ಕೂಡಲೇ ಕಿವಿ ಮೊದಲು ಆ ಗುಂಯ್ ಶಬ್ದವನ್ನೇ ಹುಡುಕುತ್ತಿತ್ತು. ವಾರ ವಾರಕ್ಕೂ ವಾಲ್ಯೂಮ್ ಜಾಸ್ತಿಯಾಯಿತು. ಮೊದಲೇ ಸೋತ ಕಿವಿಗೆ ಅದು ಒಳ್ಳೆಯದಲ್ಲ ಅಲ್ವಾ? ಎರಡು ತಿಂಗಳಿಗೆ ಬಿಟ್ಟೆ.

ಎರಡನೆಯದು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಕೌನ್ಸೆಲಿಂಗ್, ಜೊತೆಗೆ ಸಣ್ಣ ಸದ್ದಿನ ಸೌಂಡ್ ಥೆರಪಿ. ಇದರ ಹಿಂದಿರುವುದು 1990ರಲ್ಲಿ ಯಾಸ್ಟ್ರೆಬಾಫ್ ಎಂಬ ವಿಜ್ಞಾನಿ ಮುಂದಿಟ್ಟ ವಿಚಾರ: ಕಾಡುವುದು ಶಬ್ದಕ್ಕಿಂತ ಹೆಚ್ಚಾಗಿ, ಮಿದುಳು ಅದನ್ನು ಅಪಾಯ ಎಂದುಕೊಂಡು ಕಾವಲು ಕಾಯುವುದು. ಮೊದಲ ದಿನ ಆಡಿಯಾಲಜಿಸ್ಟ್ ನನ್ನ ಕೈಗೇ ಗುಂಡಿ ಕೊಟ್ಟು, ಮಳೆ ಸದ್ದನ್ನು ಮೆಲ್ಲಗೆ ಏರಿಸಲು ಹೇಳಿದರು. ಮಳೆಯೂ ಗುಂಯ್ ಅನ್ನುವುದೂ ಒಂದಕ್ಕೊಂದು ಬೆರೆಯುವ ಹಂತ ಬಂತು. ‘ಅಲ್ಲೇ ನಿಲ್ಲಿಸಿ, ಈಗ ಒಂದು ಎಳೆ ಇಳಿಸಿ’ ಎಂದರು. ಎರಡೂ ಕೇಳಿಸುತ್ತಿತ್ತು. ‘ಕೇಳಿಸದೇ ಇರುವುದಕ್ಕೆ ಮಿದುಳು ಹೇಗೆ ಒಗ್ಗಿಕೊಳ್ಳುತ್ತದೆ ಹೇಳಿ?’ ಎಂದರು. ಮೊದಲ ದಾರಿಯಲ್ಲಿ ನಾನು ಎಡವಿದ್ದು ಎಲ್ಲಿ ಎಂದು ಆಗ ತಿಳಿಯಿತು.

ಇನ್ನೊಂದು ಮಾತು ಭಯವನ್ನೇ ಇಳಿಸಿತು. 1953ರಲ್ಲಿ ಸಂಶೋಧಕರಾದ ಹೆಲ್ಲರ್ ಮತ್ತು ಬರ್ಗ್‌ಮನ್ ಕಿವಿ ಚೆನ್ನಾಗಿದ್ದ 80 ಜನರನ್ನು ನಿಶ್ಶಬ್ದ ಕೋಣೆಯಲ್ಲಿ ಕೂರಿಸಿದರಂತೆ. ನೂರಕ್ಕೆ 94ರಷ್ಟು ಮಂದಿಗೆ ಏನೋ ಒಂದು ಶಬ್ದ ಕೇಳಿಸಿತ್ತು! ಅಂದು ರಾತ್ರಿ ನಾನು ಎಷ್ಟೋ ದಿನದ ಮೇಲೆ ಬೇಗ ಮಲಗಿದೆ.

ಎರಡರಲ್ಲಿ ಯಾವುದು ಕೆಲಸ ಮಾಡಿದ್ದು, ಮಾತೋ ಸದ್ದೋ? ಒಂದು ತಿಂಗಳು ಕೌನ್ಸೆಲಿಂಗ್‌ಗೆ ಹೋಗದೆ ಬರೀ ಸದ್ದು ಹಾಕಿಕೊಂಡು ನೋಡಿದೆ, ಹೆಚ್ಚೇನೂ ಬದಲಾಗಲಿಲ್ಲ. ಮತ್ತೆ ಹೋಗಲು ಶುರು ಮಾಡಿ, ಎರಡು ವಾರ ಸದ್ದು ನಿಲ್ಲಿಸಿದೆ. ನಿದ್ದೆ ಕೆಡಲಿಲ್ಲ. ನನ್ನ ಮಟ್ಟಿಗೆ ಮಾತೇ ದೊಡ್ಡದು. 2019ರಲ್ಲಿ ಹೊರಬಂದ ಒಂದು ವೈದ್ಯಕೀಯ ಅಧ್ಯಯನವೂ ಇದಕ್ಕೆ ಹತ್ತಿರವೇ ಇದೆ: ಸದ್ದಿನ ಉಪಕರಣ ಕೊಟ್ಟವರು, ನಕಲಿ ಉಪಕರಣ ಕೊಟ್ಟವರು, ಮಾಮೂಲಿ ಆರೈಕೆ ಪಡೆದವರು ಎಲ್ಲರೂ ಹೆಚ್ಚುಕಡಿಮೆ ಒಂದೇ ರೀತಿ ಸುಧಾರಿಸಿದ್ದರು. ಮೂರೂ ಗುಂಪಿಗೆ ಕೌನ್ಸೆಲಿಂಗ್ ಇತ್ತು.

ಹಾಗಂತ ಸದ್ದು ಬೇಡವೇ ಬೇಡ ಅನ್ನುವುದಿಲ್ಲ. ತೀರಾ ನಿಶ್ಶಬ್ದದಲ್ಲಿ ಗುಂಯ್ ಅನ್ನುವುದು ಎದ್ದು ಕಾಣುತ್ತದೆ, ಸಣ್ಣ ಮಳೆ ಸದ್ದು ಅದರ ಅಂಚನ್ನು ಮೆತ್ತಗೆ ಮಾಡುತ್ತದೆ. ತಾಳ್ಮೆ ಮಾತ್ರ ಬೇಕು. ಒಂದು, ಒಂದೂವರೆ ವರ್ಷ ಎಂದು ಮೊದಲೇ ಹೇಳಿದ್ದರು. ಶಬ್ದ ಎಷ್ಟು ಕಾಡುತ್ತಿದೆ ಎಂದು ಅಳೆಯುವ 25 ಪ್ರಶ್ನೆಗಳ ಪಟ್ಟಿಯಲ್ಲಿ (ಅಂಕ ಹೆಚ್ಚಿದ್ದಷ್ಟೂ ಕಾಟ ಹೆಚ್ಚು) ನನ್ನ ಅಂಕ ಒಂಬತ್ತು ತಿಂಗಳಲ್ಲಿ 58ರಿಂದ 24ಕ್ಕೆ ಇಳಿಯಿತು. ಶಬ್ದ ಇನ್ನೂ ಇದೆ. ಈ ಸಾಲು ಬರೆಯುವಾಗ ಗಮನ ಕೊಟ್ಟೆ, ಆಗ ಕೇಳಿಸಿತು.

ಒಂದು ಎಚ್ಚರ: ಒಂದೇ ಕಿವಿಯಲ್ಲಿ ಬಂದರೆ, ನಾಡಿ ಬಡಿದಂತೆ ಕೇಳಿಸಿದರೆ, ಅಥವಾ ದಿಢೀರನೆ ಕಿವಿ ಕೇಳದಂತಾದರೆ ಇದ್ಯಾವುದನ್ನೂ ಮಾಡುತ್ತಾ ಕೂರಬೇಡಿ, ಮೊದಲು ಕಿವಿ ಡಾಕ್ಟರ್ ಹತ್ತಿರ ಹೋಗಿ.